ಕಾಳು ಕಚ್ಚಿ ನೋಡುವ ಬಾಯಿ

ಬೆಳಿಗ್ಗೆ ಮಿಲ್ಲಿಗೆ ಹೋಗುವ ಮೊದಲು ನಾನು ಚಹಾ ಕುಡಿಯುತ್ತಿರಲಿಲ್ಲ. ಎಲೆ ಅಡಿಕೆ, ತಂಬಾಕು ಬದುಕಿನಲ್ಲಿ ಮುಟ್ಟಿದವನಲ್ಲ. ಹಲ್ಲುಜ್ಜಿ, ಬರಿ ನೀರಿನಿಂದ ಬಾಯಿ ಮುಕ್ಕಳಿಸಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬರಿಹೊಟ್ಟೆಯಲ್ಲಿ ಮಾನ್ವಿಯ ಅಕ್ಕಿ ಮಿಲ್ಲಿನ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ನೋಡಿದವರು ಇದನ್ನು ಮಡಿ ಎಂದುಕೊಳ್ಳುತ್ತಿದ್ದರು. ಮಡಿಯಲ್ಲ. ನನ್ನ ಕೆಲಸಕ್ಕೆ ಬಾಯಿ ಸ್ವಚ್ಛ ಇರಬೇಕಿತ್ತು. ರೈತರು ತಂದ ಭತ್ತವನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಮಾಲು ಒಣಗಿದೆಯೋ ಹಸಿ ಇದೆಯೋ ಹೇಳುವುದು ನನ್ನ ಕೆಲಸ.

ಟ್ರ್ಯಾಕ್ಟರ್ ಬಂದು ನಿಂತ ಮೇಲೆ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಕಾಳು ತೆಗೆಯಬೇಕು. ಅಂಗೈಯಲ್ಲಿ ಉಜ್ಜಿ ಹೊಟ್ಟು ಊದಬೇಕು. ಒಂದು ಕಾಳನ್ನು, ಒಂದನ್ನೇ, ಬಲಗಡೆಯ ದವಡೆ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಒತ್ತಬೇಕು. ಒಣಗಿದ ಕಾಳು ಕಟ್ಟೆಂದು ಎರಡಾಗುತ್ತದೆ. ಹಸಿ ಕಾಳು ಸದ್ದು ಮಾಡದೆ ಚಪ್ಪಟೆಯಾಗುತ್ತದೆ. ಇವೆರಡರ ನಡುವೆ ಮೇಲೆ ಒಣಗಿ ಒಳಗೆ ಹಸಿ ಇರುವುದು, ಡಾಂಬರು ರಸ್ತೆಯ ಮೇಲೆ ಹರವಿ ಅವಸರದ ಬಿಸಿಲಿಗೆ ಸುಟ್ಟದ್ದು, ಒಮ್ಮೆ ಒಣಗಿ ಮತ್ತೆ ಇಬ್ಬನಿ ಕುಡಿದದ್ದು, ಹೀಗೆ ಬೇರೆ ಬೇರೆ ಕಾಳುಗಳಿವೆ. ಅವು ಹಲ್ಲಿನ ಬುಡಕ್ಕೆ ತಿಳಿಯುತ್ತವೆ. ತಪ್ಪಿ ಹಸಿ ಮಾಲು ಯಂತ್ರಕ್ಕೆ ಹೋದರೆ ಅಕ್ಕಿ ನುಚ್ಚಾಗುತ್ತದೆ. ಗೋದಾಮಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ.

ಇದನ್ನು ಕಲಿತದ್ದು ರಾಯಚೂರಿನಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ ಸೇರಿದ ಮಿಲ್ಲಿನಲ್ಲಿ. ಅಲ್ಲಿ ಅಂಗಳದ ಮೇಲ್ವಿಚಾರಣೆ ನೋಡುತ್ತಿದ್ದ ಮುಕದ್ದಮರು ಬಹಳ ಬಿಗಿ ಮನುಷ್ಯರು. ಕಾಳು ಕಚ್ಚುವಾಗ ರೈತನ ಮುಖ ನೋಡಬಾರದು, ಯಾರ ಜೊತೆಗೂ ಮಾತಾಡಬಾರದು, ಹೇಳಿದ್ದನ್ನು ಎರಡನೇ ಸಲ ಹೇಳಬಾರದು. ಕೆಲಸಕ್ಕೆ ತಡವಾಗಿ ಬಂದರೆ ಅಂದು ಅಂಗಳಕ್ಕೆ ಕಾಲಿಡುವಂತಿಲ್ಲ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಅವರ ಕಟ್ಟಳೆಗಳನ್ನು ನಾನು ಬಿಡಲಿಲ್ಲ. ಏಳುವುದು, ಮಲಗುವುದು, ಉಣ್ಣುವುದು, ಚಪ್ಪಲಿ ಬಿಡುವ ಜಾಗ, ಎಲ್ಲಕ್ಕೂ ನನ್ನದೊಂದು ಕ್ರಮವಿದೆ. ಹೆಂಡತಿ ಇದನ್ನು ಬಹಳ ವರ್ಷ ಸಹಿಸಿದ್ದಾಳೆ.

ತೇವ ನೋಡುವ ಮಿಷಿನ್ ಮಾನ್ವಿಯ ಮಿಲ್ಲಿಗೂ ಬಂದು ಬಹಳ ದಿನವಾಯಿತು. ಒಂದು ಹಿಡಿ ಕಾಳು ಹಾಕಿ ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಮಿಷಿನ್ ತಪ್ಪು ಹೇಳುತ್ತದೆಂದು ನಾನು ಎಂದೂ ಹೇಳಿದವನಲ್ಲ. ಆದರೂ ವಯಸ್ಸಾದ ಮೇಲೂ ನನ್ನನ್ನು ಇಟ್ಟುಕೊಂಡಿದ್ದರು, ಏಕೆಂದರೆ ಅಂಕಿ ಕಂಡರೆ ರೈತರು ಜಗಳ ತೆಗೆಯುತ್ತಿದ್ದರು, ನನ್ನ ದವಡೆ ಕಂಡರೆ ಸುಮ್ಮನಾಗುತ್ತಿದ್ದರು. ಕುರ್ಡಿಯ ಕಡೆಯ ರೈತರಂತೂ ಮಿಷಿನ್ ಹತ್ತಿರವೇ ಹೋಗುತ್ತಿರಲಿಲ್ಲ. "ಕಾಕಾ ಕಚ್ಚಿ ಹೇಳ್ಲಿ, ಅದ ಆಖೈರು" ಎನ್ನುತ್ತಿದ್ದರು.

ಈ ಕೆಲಸ ನನಗೆ ಯಾಕೆ ಬೇಕಿತ್ತೆಂದರೆ, ನನಗೆ ಸೊಂಟದ ನೋವಿದೆ. ಬೆನ್ನಿನ ಕೆಳಗೆ ಹುಟ್ಟಿ, ಎಡಗಡೆಯ ಕುಂಡೆಯಿಂದ ಹಿಮ್ಮಡಿಯ ತನಕ ಇಳಿಯುತ್ತದೆ. ಬೆನ್ನುಮೂಳೆಯ ಮಣಿ ಸವೆದಿದೆ, ನರ ಒತ್ತುತ್ತದೆ ಎಂದು ರಾಯಚೂರಿನ ಎಲುಬಿನ ವೈದ್ಯರು ಹೇಳಿದ್ದರು. ವಾಸಿಯಾಗುವುದಲ್ಲ, ಇಟ್ಟುಕೊಂಡು ಬಾಳುವುದು ಎಂದೂ ಹೇಳಿದ್ದರು. ಬಾಳುತ್ತಿದ್ದೆ. ಕುಳಿತರೆ ಒಂದು ಬಗೆ, ಮಲಗಿದರೆ ಇನ್ನೊಂದು ಬಗೆ. ಆದರೆ ಮಿಲ್ಲಿನ ಅಂಗಳದಲ್ಲಿ ನಿಂತು, ಕಾಳು ಹಲ್ಲಿಗೆ ಇಟ್ಟು, ಇಡೀ ಮೈಯ ಗಮನವನ್ನು ಒಂದು ಕಾಳಿನ ಮೇಲೆ ತಂದಾಗ ಸೊಂಟ ದೂರ ಸರಿಯುತ್ತಿತ್ತು. ಮಾಯವಾಗುತ್ತಿರಲಿಲ್ಲ, ದೂರ ಸರಿಯುತ್ತಿತ್ತು. ದಿನದಲ್ಲಿ ನನಗೆ ಸಿಗುತ್ತಿದ್ದ ಬಿಡುವು ಅದೊಂದೇ. ಆ ಬೆಳಗಿನ ಹೊತ್ತು ಇರುವವರೆಗೆ ಉಳಿದ ಹೊತ್ತನ್ನು ಹೇಗೋ ದಾಟಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಬಾಯಿ ನೋವು ಶುರುವಾದದ್ದು ಚಳಿಗಾಲ ಮುಗಿಯುವಾಗ. ಮೊದಲು ಕಿವಿಯ ಮುಂದೆ, ಬಲಗಡೆ, ಒಂದು ಬಿಗಿತ. ಆಮೇಲೆ ಕಣತಲೆಗೆ ಏರಿತು, ಕತ್ತಿಗೆ ಇಳಿಯಿತು. ಬೆಳಿಗ್ಗೆ ಎದ್ದಾಗ ದವಡೆ ರಾತ್ರಿಯೆಲ್ಲ ಕಲ್ಲು ಹೊತ್ತಂತೆ ದಣಿದಿರುತ್ತಿತ್ತು. ಒಂದು ದಿನ ಊಟಕ್ಕೆ ಕುಳಿತು ಜೋಳದ ರೊಟ್ಟಿಯ ತುಣುಕನ್ನು ಬಾಯಿಗೆ ತಂದರೆ ಬಾಯಿ ಪೂರ್ತಿ ತೆರೆಯಲಿಲ್ಲ. ನಮ್ಮ ಮನೆಯಲ್ಲಿ ರೊಟ್ಟಿಯನ್ನು ಹಪ್ಪಳದ ಹಾಗೆ ಗರಿಗರಿಯಾಗಿ ಒಣಗಿಸಿ ಇಡುತ್ತಾರೆ. ಹೆಂಡತಿ ನನ್ನ ಮುಖ ನೋಡಿದಳು.

"ಯಾಕ್ರಿ, ರೊಟ್ಟಿ ಮಾರಿ ನೋಡ್ಕೋತ ಕುಂತೀರಿ?"

"ಹಲ್ಲು ನೋಯ್ತದ."

"ನಿಮ್ಮ ಹಲ್ಲು ನೋಯೋದಂದ್ರೇನು? ಊರ ಮಂದಿಗೆಲ್ಲಾ ನಿಮ್ಮ ಹಲ್ಲಿನ ಪುರಾಣ ಹೇಳ್ಕೋತ ಅಡ್ಡಾಡ್ತೀರಿ."

ಅವಳು ರೊಟ್ಟಿಯನ್ನು ಬಿಸಿ ಸಾರಿನಲ್ಲಿ ನೆನೆಸಿ ಕೊಟ್ಟಳು. ನನ್ನ ತಾಯಿಗೆ ಕೊನೆಯ ಕಾಲದಲ್ಲಿ ಹಾಗೆ ಕೊಡುತ್ತಿದ್ದೆವು.

ಹಲ್ಲು ನೋಯುತ್ತಿದ್ದರೆ ಯಾವ ಹಲ್ಲು ಎಂದು ಕಂಡುಹಿಡಿಯಬೇಕು. ಇದು ನನಗೆ ಸಹಜವಾಗಿ ತೋರಿತು. ಮಾಲು ಕೆಟ್ಟಿದ್ದರೆ ಇಡೀ ಲೋಡನ್ನು ವಾಪಸು ಕಳಿಸುವುದಿಲ್ಲ, ಯಾವ ಚೀಲ ಎಂದು ನೋಡುತ್ತೇವೆ. ಮರುದಿನ ಕಟ್ಟೆಯ ಮೇಲೆ ಕುಳಿತು, ಚೆನ್ನಾಗಿ ಒಣಗಿದ ಸೋನಾ ಮಸೂರಿಯ ಕಾಳುಗಳನ್ನು ಮುಂದಿಟ್ಟುಕೊಂಡು, ಎಡಗಡೆಯ ಕೊನೆಯಿಂದ ಶುರು ಮಾಡಿ ಒಂದೊಂದು ಹಲ್ಲಿಗೂ ಒಂದೊಂದು ಕಾಳು ಇಟ್ಟು ಕಚ್ಚುತ್ತ ಬಂದೆ. ಮೇಲಿನ ಸಾಲು, ಕೆಳಗಿನ ಸಾಲು. ಬಲಗಡೆಯ ಕೆಳಗಿನ ದವಡೆ ಹಲ್ಲಿಗೆ ಬಂದಾಗ ಕಿವಿಯೊಳಗೆ ಮಿಂಚು ಹೊಡೆದಂತಾಯಿತು. ಸಂಶಯ ಬೇಡವೆಂದು ಮತ್ತೊಮ್ಮೆ ಕಚ್ಚಿದೆ. ಅದೇ ಮಿಂಚು. ಕಳ್ಳ ಸಿಕ್ಕ ಎಂದುಕೊಂಡೆ.

ಅದು ನಾನು ಕಾಳು ಕಚ್ಚುತ್ತಿದ್ದ ಹಲ್ಲು. ಅದನ್ನು ತೆಗೆಸಬೇಕೆಂದರೆ ಬೇರೆಯವರು ಯೋಚಿಸುತ್ತಿದ್ದರೇನೋ. ನಾನು ಯೋಚಿಸಲಿಲ್ಲ. ಕೆಟ್ಟದ್ದನ್ನು ಬೇಗ ತೆಗೆದರೆ ಉಳಿದದ್ದು ಉಳಿಯುತ್ತದೆ, ಪಕ್ಕದ ಹಲ್ಲಿಗೆ ಕೆಲಸ ಕಲಿಸಿದರಾಯಿತು ಎಂದು ಲೆಕ್ಕ ಹಾಕಿದೆ. ಊರಿನಲ್ಲೇ ಹಲ್ಲು ಕೀಳುವವರ ಹತ್ತಿರ ಹೋದೆ. ಅವರು ಸಣ್ಣ ಕನ್ನಡಿ ಹಾಕಿ ನೋಡಿ, ಹುಳುಕೇನೂ ಕಾಣುವುದಿಲ್ಲ, ಗುಳಿಗೆ ತಗೊಂಡು ನೋಡಿ ಎಂದರು.

"ಗುಳಿಗಿ ಬ್ಯಾಡ್ರಿ. ಇದ ಹಲ್ಲು, ನಾ ಪರೀಕ್ಷಾ ಮಾಡೀನಿ. ತಗೀರಿ" ಎಂದೆ.

ನನ್ನ ದನಿಯಲ್ಲಿ ಅಷ್ಟು ಖಾತ್ರಿ ಇದ್ದದ್ದರಿಂದಲೋ ಏನೋ, ತೆಗೆದರು. ಗಟ್ಟಿ ಹಲ್ಲು, ಬಹಳ ಹೊತ್ತು ಹಿಡಿಯಿತು. ಹತ್ತಿಯ ಉಂಡೆ ಕಚ್ಚಿಕೊಂಡು ಮನೆಗೆ ಬಂದೆ. ಗಾಯ ಮಾಯುವವರೆಗೆ ಆ ನೋವು ಯಾವುದು, ಈ ನೋವು ಯಾವುದು ತಿಳಿಯಲಿಲ್ಲ. ಮಾಯ್ದ ಮೇಲೆ ತಿಳಿಯಿತು. ಹಲ್ಲು ಹೋಗಿತ್ತು. ನೋವು ಕಿವಿಯ ಮುಂದೆ, ಕಣತಲೆಯಲ್ಲಿ, ಕತ್ತಿನಲ್ಲಿ ಇದ್ದ ಹಾಗೇ ಇತ್ತು.

ಮಿಲ್ಲಿನಲ್ಲಿ ನನ್ನ ಓರಗೆಯವನೊಬ್ಬನಿದ್ದ. ಟ್ರ್ಯಾಕ್ಟರನ್ನು ಹಾಗೇ ಹತ್ತಿಸಿ ತೂಗುವ ಕಾಟಾದ ಮೇಲೆ ಕೂಡುವವನು. ಮನೆಯಲ್ಲಿ ದಖನಿ ಮಾತಾಡುವ ಮಂದಿ. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ, ಅವನು ನನ್ನನ್ನು ಅಣ್ಣಾ ಎನ್ನುತ್ತಿದ್ದ. ಇಬ್ಬರೂ ಒಂದೇ ವರ್ಷ ಈ ಮಿಲ್ಲಿಗೆ ಬಂದವರು. ನಾನು ಎಡಗಡೆಯ ಹಲ್ಲಿನಲ್ಲಿ ಕಾಳು ಕಚ್ಚುವುದನ್ನು ಮೊದಲು ನೋಡಿದವನು ಅವನೇ.

"ಏನಣ್ಣಾ, ಡ್ಯೂಟಿ ಬದ್ಲಿ ಆತೇನು? ಬಲಗಡೆ ಸಾಹೇಬ್ರು ಎಲ್ಲಿ ಹೋದ್ರು?"

"ರಿಟೈರ್ ಆದ್ರು."

"ಮತ್ತ ಈ ಎಡಗಡೆ ಮಂದಿ ಪಾಸ್ ಆಗ್ಯಾರೇನು? ಸರ್ಟಿಫಿಕೇಟ್ ನೋಡಿಯಿಲ್ಲೊ?"

ನಗಬೇಕೆಂದೆ. ದವಡೆಯ ಕೀಲಿನಲ್ಲಿ ಟಕ್ಕೆಂದಿತು. ಅವನು ನಗು ನಿಲ್ಲಿಸಿದ. "ತೋಬಾ. ಇಲ್ಲೀ ತನಕ ಕೇಳಸ್ತು" ಎಂದ.

ನನ್ನ ತಂಗಿಯನ್ನು ದೇವದುರ್ಗ ತಾಲೂಕಿನ ಜಾಲಹಳ್ಳಿಗೆ ಕೊಟ್ಟಿದ್ದೇವೆ. ಅವಳು ಫೋನಿನಲ್ಲಿ ನನ್ನ ಮಾತು ತೊದಲುವುದನ್ನು ಕೇಳಿ, ಕೂಡಲೇ ಬಾ ಎಂದು ಹಟ ಹಿಡಿದಳು. ದೇವದುರ್ಗದ ಹತ್ತಿರ ಒಬ್ಬರು ಉಳುಕು ತಿಕ್ಕುತ್ತಾರೆ, ದವಡೆ ಜಾರಿದರೆ ಕೂಡಿಸುತ್ತಾರೆ ಎಂದಳು. ಬಸ್ಸಿನಲ್ಲಿ ಕುಳಿತು ಹೋಗುವುದು ಸೊಂಟಕ್ಕೆ ಶಿಕ್ಷೆ. ರಸ್ತೆಯ ಒಂದೊಂದು ತಗ್ಗೂ ಹಿಮ್ಮಡಿಯವರೆಗೆ ಇಳಿದು, ತಿರುಗಿ ದವಡೆಗೆ ಏರುತ್ತಿತ್ತು. ಹೀಗೆ ಏರುತ್ತದೆ ಎಂಬುದನ್ನು ಮೊದಲ ಸಲ ಗಮನಿಸಿದ್ದು ಆ ಬಸ್ಸಿನಲ್ಲಿ. ಆದರೆ ಅದರ ಅರ್ಥ ಆಗ ಆಗಲಿಲ್ಲ.

ಉಳುಕು ತಿಕ್ಕುವವರು ನನ್ನ ಬಾಯೊಳಗೆ ಹೆಬ್ಬೆರಳು ಇಟ್ಟು ಕೆಳಕ್ಕೆ ಒತ್ತಿ, ಹಿಂದಕ್ಕೆ ತಳ್ಳಿದರು. ಕಣ್ಣಲ್ಲಿ ನೀರು ಬಂತು. ತಂಗಿ ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತಳು.

"ಯಣ್ಣಾ, ಈಗ ಹೆಂಗದ?"

"ಅದ."

"ಕಮ್ಮಿ ಆತಿಲ್ಲೊ?"

"ಅದ ಅಂದೆನಲ್ಲ, ಯವ್ವಾ."

ಮರುದಿನ ಅವಳು ನನ್ನನ್ನು ಗೂಗಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಮಪ್ರಭುವಿನ ಗುಡಿಯಲ್ಲಿ ಕಾಯಿ ಒಡೆಸುವ ಮೊದಲು ಹೊಳೆಯಲ್ಲಿ ಮುಳುಗಬೇಕು ಎಂದಳು. ಕೃಷ್ಣೆಯಲ್ಲಿ ನೀರು ಕಡಿಮೆ ಇತ್ತು, ಬೆಚ್ಚಗಿತ್ತು. ಮೆಟ್ಟಿಲ ಮೇಲೆ ಎದೆಮಟ ನೀರಿನಲ್ಲಿ ಕುಳಿತೆ. ನೀರು ನನ್ನ ಭಾರವನ್ನು ತೆಗೆದುಕೊಂಡಿತು. ಮೊದಲು ಸೊಂಟ ಬಿಟ್ಟಿತು. ಸ್ವಲ್ಪ ಹೊತ್ತಿಗೆ ನನ್ನ ತುಟಿ ತಾನಾಗಿ ತೆರೆಯಿತು, ಕೆಳಗಿನ ದವಡೆ ಜೋತುಬಿತ್ತು, ಹಲ್ಲಿನ ಮಧ್ಯೆ ಗಾಳಿ ಆಡಿತು. ನನ್ನ ಬಾಯೊಳಗೆ ಅಷ್ಟು ಜಾಗವಿದೆ ಎಂಬುದೇ ಮರೆತಿತ್ತು. ಆಮೇಲೆ ಏಳಬೇಕಾಯಿತು. ನೀರಿನಿಂದ ಮೇಲೆ ಬಂದ ಮೊದಲ ಹೆಜ್ಜೆಗೇ ಸೊಂಟದ ಮೇಲೆ ಹೊರೆ ಬಿತ್ತು, ಅದರ ಹಿಂದೆಯೇ ಹಲ್ಲು ಗಕ್ಕನೆ ಕೂಡಿತು. ಗುಡಿಯೊಳಗೆ ತಂಗಿ ಹರಕೆ ಹೊರುವಾಗ ನಾನು ಕಂಬಕ್ಕೆ ಆತು ನಿಂತಿದ್ದೆ. ಸಿಕ್ಕಿ ಕೈತಪ್ಪಿದ ಬಿಡುವು ಸಿಗದಿರುವುದಕ್ಕಿಂತ ಕೆಟ್ಟದ್ದು. ಆ ನೀರನ್ನು ನಾನು ನೋಡದೇ ಇದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಕೊನೆಗೆ ರಾಯಚೂರಿನ ಹಲ್ಲಿನ ವೈದ್ಯೆಯ ಹತ್ತಿರ ಹೋದದ್ದು ಮಿಲ್ಲಿನ ಸಾಹುಕಾರ ಕಳಿಸಿದ್ದಕ್ಕೆ. ಹಳೆಯ ಸಾಹುಕಾರರ ಮಗ, ನನ್ನ ಕಣ್ಣ ಮುಂದೆ ಬೆಳೆದವನು. ಹೆಂಡತಿಯೂ ಜೊತೆಗೆ ಬಂದಳು. ತೀನ್ ಕಂದೀಲ್ ಚೌಕಿನಲ್ಲಿ ಬಸ್ಸಿಳಿದು, ಬಿಸಿಲಿನಲ್ಲಿ ನಿಂತು ನಿಂತು ನಡೆದು ಆಸ್ಪತ್ರೆ ಮುಟ್ಟಿದೆವು. ವೈದ್ಯೆ ವಯಸ್ಸಿನಲ್ಲಿ ಸಣ್ಣವರು. ಕುರ್ಚಿಯಲ್ಲಿ ಒರಗಿಸಿ, ಬಾಯೊಳಗೆ ಒಮ್ಮೆ ಮಾತ್ರ ನೋಡಿ, ಕೆನ್ನೆಗೂ ಕಣತಲೆಗೂ ಬೆರಳು ಹಚ್ಚಿ ಒತ್ತುತ್ತ ಹೋದರು. ಒಂದೊಂದು ಒತ್ತಿಗೂ ನಾನು ಹಾರಿಬಿದ್ದೆ.

"ಅಜ್ಜಾರ, ಇಲ್ಲಿ ಹಲ್ಲು ಯಾಕ್ ತಗಿಸಿದ್ರಿ?"

"ಅದ ಹಲ್ಲು ನೋಯ್ತಿತ್ತ್ರಿ."

"ಅಂತ ಯಾರು ಹೇಳಿದ್ರು?"

"ನಾನ ಕಂಡುಹಿಡಿದ್ನಿ. ಎಲ್ಲಾ ಹಲ್ಲಿಗಿ ಕಾಳು ಇಟ್ಟು ಕಚ್ಚಿ ನೋಡೀನಿ."

ಹೆಂಡತಿ ನನ್ನ ಕೆಲಸವೇನೆಂದು ಹೇಳಿದಳು. ವೈದ್ಯೆ ನಗಲಿಲ್ಲ. ಕುರ್ಚಿಯನ್ನು ನೆಟ್ಟಗೆ ಮಾಡಿ ನನ್ನ ಎದುರು ಕುಳಿತರು.

"ಈಗ ನೀವು ಏನ್ ಮಾಡಾಕತ್ತೀರಿ, ಹೇಳ್ರಿ."

"ಏನೂ ಮಾಡವಲ್ಲೆ. ಕುಂತೀನಿ."

"ಹಲ್ಲು ಬಿಗಿ ಹಿಡ್ದೀರಿ. ನೋಡ್ಕೋರಿ."

ನೋಡಿಕೊಂಡೆ. ಹಿಡಿದಿದ್ದೆ. ಬಿಟ್ಟೆ.

"ಸುಮ್ನ ಇದ್ದಾಗ ಹಲ್ಲಿಗಿ ಹಲ್ಲು ಹತ್ತಬಾರ್ದ್ರಿ. ತುಟಿ ಕೂಡಿರ್ಬೇಕು, ಹಲ್ಲು ಬಿಟ್ಟಿರ್ಬೇಕು. ನಿಮ್ಮ ಹಲ್ಲಿನ್ಯಾಗ ಏನೂ ಇಲ್ಲ. ನೋವು ಇರೋದು ದವಡಿ ಮಾಂಸದಾಗ. ಸೊಂಟ ನೋಯ್ತದಲ್ಲ, ಅದನ್ನ ತಡಕೊಳ್ಳಾಕ ನೀವು ಹಗಲೂ ರಾತ್ರಿ ಹಲ್ಲು ಕಚ್ಚಾಕತ್ತೀರಿ. ಎಷ್ಟು ವರ್ಷದಿಂದೋ ಏನೋ."

"ನಿದ್ದ್ಯಾಗೂ ಕಡೀತಾರ್ರಿ. ಗಿರಣಿ ನಡದಂಗ ಆಗ್ತದ" ಎಂದಳು ಹೆಂಡತಿ.

ನಾನು ಅವಳ ಕಡೆ ತಿರುಗಿದೆ. "ಒಮ್ಮೆನೂ ಹೇಳಿಲ್ಲಲ್ಲ?"

"ಹೇಳಿದ್ರ ಅದಕ್ಕೊಂದು ಟೈಮ್ ಟೇಬಲ್ ಹಾಕ್ತೀರಿ."

ವೈದ್ಯೆ ಅಚ್ಚು ತೆಗೆದು, ರಾತ್ರಿ ಹಾಕಿಕೊಳ್ಳಲು ಹಲ್ಲಿಗೆ ಕೂಡುವ ಒಂದು ಪ್ಲಾಸ್ಟಿಕ್ ಪಟ್ಟಿ ಮಾಡಿಸಿಕೊಟ್ಟರು. ಬಿಸಿ ನೀರಿನ ಬಟ್ಟೆ ಇಡಬೇಕು, ಮೆತ್ತಗಿನದು ತಿನ್ನಬೇಕು, ಆಗಾಗ ನೆನಪು ಮಾಡಿಕೊಂಡು ದವಡೆ ಸಡಿಲ ಬಿಡಬೇಕು. ಕಾಳು ಕಚ್ಚುವುದನ್ನು ಪೂರ್ತಿ ನಿಲ್ಲಿಸಬೇಕು.

"ಸುಗ್ಗಿ ಟೈಮಿಗಿ ಹೊಳ್ಳಿ ಕಚ್ಚಬಹುದೇನ್ರಿ?"

"ಮದಲ ಬಿಡ್ರಿ. ಆಮ್ಯಾಲ ನೋಡೂಣು."

ಈ ಮಾತನ್ನು ನಾನು ಹೌದು ಎಂದು ಕೇಳಿಸಿಕೊಂಡೆ. ಸುಗ್ಗಿಯವರೆಗೆ ಶಿಸ್ತಿನಿಂದ ಇದ್ದರೆ ಸುಗ್ಗಿಗೆ ನನ್ನ ಬೆಳಗು ನನಗೆ ಸಿಗುತ್ತದೆ. ಶಿಸ್ತು ನನಗೆ ಹೊಸದಲ್ಲ.

ಮನೆಗೆ ಬಂದು ಎಲ್ಲವನ್ನೂ ಕ್ರಮಕ್ಕೆ ತಂದೆ. ಸ್ನಾನವಾದ ಮೇಲೆ ಬಿಸಿ ಬಟ್ಟೆ, ಮಲಗುವ ಮೊದಲು ಇನ್ನೊಮ್ಮೆ. ಊಟಕ್ಕೆ ಮುದ್ದೆಯಾದ ಅನ್ನ, ಬೇಳೆ, ನೆನೆಸಿದ ರೊಟ್ಟಿ. ಮಿಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಸಾಹುಕಾರ ಮಿಷಿನ್ ಪಕ್ಕದಲ್ಲಿ ಕುರ್ಚಿ ಹಾಕಿಸಿ ಕೊಟ್ಟಿದ್ದ. ಅಲ್ಲಿ ಕುಳಿತು, ಒಂದೊಂದು ಟ್ರ್ಯಾಕ್ಟರ್ ಗೇಟು ದಾಟಿದಾಗಲೂ ದವಡೆ ಪರೀಕ್ಷೆ ಮಾಡಿಕೊಳ್ಳಬೇಕೆಂದು ನೇಮ ಮಾಡಿಕೊಂಡೆ. ಟ್ರ್ಯಾಕ್ಟರ್ ಬರುತ್ತಿತ್ತು, ನಾನು ಬಾಯಿಯ ಕಡೆ ಗಮನ ತರುತ್ತಿದ್ದೆ, ಹಲ್ಲು ಬಿಗಿದಿರುತ್ತಿತ್ತು. ಬಿಡುತ್ತಿದ್ದೆ. ಮುಂದಿನ ಟ್ರ್ಯಾಕ್ಟರ್. ಬಿಗಿದಿರುತ್ತಿತ್ತು. ಒಂದು ಸಲವೂ, ಒಂದೇ ಒಂದು ಸಲವೂ ಅದು ತಾನಾಗಿ ಬಿಟ್ಟಿದ್ದನ್ನು ನಾನು ಕಾಣಲಿಲ್ಲ. ಕೈಗೆ, ಕಾಲಿಗೆ, ಹೊಟ್ಟೆಗೆ, ನಿದ್ದೆಗೆ ಕಟ್ಟಳೆ ಹಾಕಿದವನು ನಾನು. ಈ ಒಂದು ತುಂಡು ಮಾಂಸ ನಾನು ನೋಡುವಾಗ ವಿಧೇಯ, ಬೆನ್ನು ತಿರುಗಿಸಿದರೆ ಮತ್ತೆ ತನ್ನ ಹಟಕ್ಕೆ ನಿಲ್ಲುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ದವಡೆಯನ್ನು ನಿಜವಾಗಿ ಸಡಿಲ ಬಿಟ್ಟ ಕ್ಷಣ ಸೊಂಟದ ನೋವು ನೇರವಾಗಿ ಎದುರಿಗೆ ಬರುತ್ತಿತ್ತು. ಮೊದಲಿಗೆ ಇದು ಭ್ರಮೆ ಎಂದುಕೊಂಡೆ. ಹಲವು ಸಲ ಬಿಟ್ಟು, ಹಿಡಿದು ನೋಡಿದೆ. ಹಲ್ಲು ಕಚ್ಚಿದರೆ ಸೊಂಟ ಒಂದು ಹೆಜ್ಜೆ ಹಿಂದೆ. ಬಿಟ್ಟರೆ ಅದು ನನ್ನ ಮೇಲೆ. ಇಷ್ಟು ವರ್ಷ ಅಂಗಳದಲ್ಲಿ ಸೊಂಟವನ್ನು ದೂರ ಸರಿಸುತ್ತಿದ್ದದ್ದು ನನ್ನ ಗಮನ ಎಂದು ತಿಳಿದಿದ್ದೆ. ಗಮನವೂ ಇದ್ದೀತು. ಆದರೆ ಬಹುಪಾಲು ಅದು ದವಡೆಯ ಕೆಲಸ. ಕಾಳು ನನಗೆ ಕಚ್ಚಲು ಒಂದು ನೆಪ ಕೊಟ್ಟಿತ್ತು, ಅಷ್ಟೇ. ಎರಡು ನೋವುಗಳಲ್ಲಿ ಒಂದನ್ನು ಆರಿಸಿಕೋ ಎಂದರೆ ಆರಿಸಬಹುದಿತ್ತು. ಇಲ್ಲಿ ಒಂದನ್ನು ಇಳಿಸಲು ಇನ್ನೊಂದನ್ನು ಎತ್ತಿಕೊಳ್ಳಬೇಕು, ಎತ್ತಿಕೊಂಡದ್ದು ಸ್ವಲ್ಪ ಹೊತ್ತಿನಲ್ಲಿ ಮೊದಲಿನದನ್ನೂ ಎಬ್ಬಿಸುತ್ತದೆ.

ಪ್ಲಾಸ್ಟಿಕ್ ಪಟ್ಟಿಯನ್ನು ಒಂದು ಡಬ್ಬಿಯಲ್ಲಿ ನೀರು ಹಾಕಿ ಇಡುತ್ತಿದ್ದೆ. ಅದನ್ನು ಹಾಕಿಕೊಳ್ಳುವುದನ್ನು ನೋಡಿ ಹೆಂಡತಿ, "ಹಂತಿ ಎತ್ತಿಗಿ ಬಾಯಿಕುಕ್ಕಿ ಕಟ್ಟಿದಂಗ ಕಾಣ್ತೀರಿ" ಎಂದಳು. ಕಣದಲ್ಲಿ ತುಳಿಯುವ ಎತ್ತು ಕಾಳು ತಿನ್ನದಿರಲೆಂದು ಅದರ ಬಾಯಿಗೆ ಕಟ್ಟುವ ಬುಟ್ಟಿ ಅದು. ಇಬ್ಬರೂ ನಕ್ಕೆವು. ಆ ತಿಂಗಳಿನಲ್ಲಿ ನಕ್ಕದ್ದು ಅಷ್ಟೇ ಇರಬೇಕು. ಮಳೆಗಾಲ ಮುಗಿಯುವಷ್ಟರಲ್ಲಿ ಪಟ್ಟಿಯ ಬಲಭಾಗ ತೂತು ಬಿದ್ದಿತ್ತು. ರಾಯಚೂರಿಗೆ ಒಯ್ದು ತೋರಿಸಿದಾಗ ವೈದ್ಯೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಹೊಸಾದು ಮಾಡಿಸ್ತೀನಿ" ಎಂದರು. ಗುಳಿಗೆ ಬರೆದುಕೊಟ್ಟರು. ಅವು ಮಂಪರು ತರುತ್ತಿದ್ದವು, ನೋವನ್ನು ಒಯ್ಯುತ್ತಿರಲಿಲ್ಲ.

ಸುಗ್ಗಿ ಬಂತು. ಮಿಲ್ಲಿನ ಗೇಟಿನಿಂದ ರಸ್ತೆಯ ತಿರುವಿನವರೆಗೆ ಟ್ರ್ಯಾಕ್ಟರುಗಳು ನಿಂತವು. ಅಂಗಳದ ತುಂಬ ಹೊಸ ಭತ್ತದ ವಾಸನೆ. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರುವುದು ಮೊದಲಿನಿಂದ ಇದ್ದದ್ದೇ. ಕುರ್ಡಿಯ ಒಬ್ಬ ರೈತನ ಮಾಲಿಗೆ ಮಿಷಿನ್ ಹಸಿ ಎಂದು ತೋರಿಸಿತು. ರೈತ ಒಪ್ಪಲಿಲ್ಲ. ಸಾಹುಕಾರ ಎರಡನೇ ಸಲ ಹಾಕಿ ತೋರಿಸಿದ. ಆಗಲೂ ಒಪ್ಪಲಿಲ್ಲ. ಹಿಂದೆ ನಿಂತವರು ಕೂಗತೊಡಗಿದರು.

"ಈ ಡಬ್ಬಿ ಮಾತು ಬ್ಯಾಡ್ರಿ ಸಾವ್ಕಾರ್ರ. ಕಾಕಾ ಅದಾರಲ್ಲ, ಅವರು ಹೇಳ್ಲಿ. ಹಸಿ ಅಂದ್ರ ನಾ ಟ್ರ್ಯಾಕ್ಟರ್ ಹೊಳ್ಳಿಸ್ಕೊಂಡು ಹೋಗ್ತೀನಿ, ಮಾತಿಲ್ಲ."

"ಕಾಕಾಗ ಆರಾಮಿಲ್ಲಪಾ" ಎಂದ ಸಾಹುಕಾರ. ಆದರೆ ನನ್ನ ಕಡೆ ನೋಡಿದ. ಸಾಲು ಉದ್ದವಿತ್ತು.

ನಾನು ಎದ್ದೆ. ಯಾರೂ ಒತ್ತಾಯ ಮಾಡಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಇಷ್ಟು ತಿಂಗಳು ನಾನು ಕಾದದ್ದು ಈ ಹೊತ್ತಿಗಾಗಿ. ಮೇಲಿನಿಂದ, ನಡುವಿನಿಂದ, ತಳದಿಂದ ಕಾಳು ತೆಗೆದೆ. ಉಜ್ಜಿ ಊದಿದೆ. ಬಲಗಡೆ ಕಾಳು ಕಚ್ಚುವ ಹಲ್ಲಿಲ್ಲ, ಎಡಗಡೆ ಇಟ್ಟೆ. ಒತ್ತಿದೆ. ಕಾಳು ಏನೋ ಆಯಿತು. ಒಡೆಯಿತೋ, ಚಪ್ಪಟೆಯಾಯಿತೋ, ನನಗೆ ತಿಳಿಯಲಿಲ್ಲ. ಹಲ್ಲಿಗೆ ಬರಬೇಕಾದ ಸುದ್ದಿ ಬರುವ ಮೊದಲು ನೋವು ಬಂದು ಆ ಜಾಗದಲ್ಲಿ ಕುಳಿತಿತ್ತು. ಎರಡನೇ ಕಾಳು ಇಟ್ಟೆ. ಕಿವಿಯ ಮುಂದೆ ಟಕ್ಕೆಂದು, ಬಾಯಿ ಅರ್ಧ ತೆರೆದಲ್ಲೇ ನಿಂತಿತು. ಮುಚ್ಚಲೂ ಬರುತ್ತಿಲ್ಲ, ತೆರೆಯಲೂ ಬರುತ್ತಿಲ್ಲ. ಜೊಲ್ಲು ಗದ್ದಕ್ಕೆ ಇಳಿಯಿತು. ಅಷ್ಟು ಮಂದಿಯ ನಡುವೆ ನಾನು ಕೈಯಿಂದ ಗದ್ದ ಹಿಡಿದುಕೊಂಡು ನಿಂತೆ.

ಭಾಯಿ ಕಾಟಾದಿಂದ ಇಳಿದು ಬಂದ. ನನಗೂ ಮಂದಿಗೂ ನಡುವೆ ಬೆನ್ನು ಕೊಟ್ಟು ನಿಂತ.

"ಏನ್ ನೋಡ್ತೀರಿ? ಮದವಿ ಐತೇನು ಇಲ್ಲಿ? ಹಿಂದಕ್ ಸರೀರಿ, ಗಾಡಿ ಸಾಲಿನ್ಯಾಗ ಹಚ್ರಿ" ಎಂದು ಗದರಿದ. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಆಹಿಸ್ತಾ, ಅಣ್ಣಾ, ಆಹಿಸ್ತಾ. ಉಸರು ಬಿಡು. ನಾ ನಿಂತೀನಿ" ಎಂದ.

ಅಂಗೈ ಉಜ್ಜಿ ಬಿಸಿ ಮಾಡಿ ಕೆನ್ನೆಗೆ ಒತ್ತುತ್ತ ಹೋದೆ, ಮೆಲ್ಲಗೆ ದವಡೆ ಕೂಡಿತು. ರೈತ ಇನ್ನೂ ಅಲ್ಲೇ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಕಾಕಾ, ಹಸಿನೋ ಒಣಗ್ಯಾದೋ?"

"ಮಿಷಿನ್ ಹೇಳಿದ್ದ ಖರೆ" ಎಂದೆ.

"ನಿಮಗ ತಿಳೀಲಿಲ್ಲೇನು?"

"ಇಲ್ಲಪಾ. ತಿಳೀಲಿಲ್ಲ."

ಅವನು ಮಾತು ಕೊಟ್ಟಂತೆ ಟ್ರ್ಯಾಕ್ಟರ್ ಹೊರಳಿಸಿಕೊಂಡು ಹೋದ. ಹಸಿ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಮಧ್ಯಾಹ್ನ ಸಾಹುಕಾರನಿಗೆ ಹೇಳಿದೆ, ನಾಳೆಯಿಂದ ಬರುವುದಿಲ್ಲ ಎಂದು. ಅವನು ಕುರ್ಚಿ ಇರಲಿ ಕಾಕಾ, ಬಂದು ಕೂಡ್ರಿ, ಮಂದಿಗೆ ಮುಖ ಕಂಡರೆ ಸಾಕು ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ತಿಳಿಯದವನು ತಿಳಿದವರ ಜಾಗದಲ್ಲಿ ಕೂರುವುದನ್ನು ನನ್ನ ಮುಕದ್ದಮರು ಒಂದು ದಿನವೂ ಒಪ್ಪುತ್ತಿರಲಿಲ್ಲ. ನಾನೂ ಒಪ್ಪಲಿಲ್ಲ. ಭಾಯಿ ಗೇಟಿನವರೆಗೆ ಬಂದ.

"ಮನ್ಯಾಗ ಕುಂತು ಏನ್ ಮಾಡ್ತಿ?"

"ಗೊತ್ತಿಲ್ಲ."

"ಮೊಮ್ಮಕ್ಕಳ ತಲಿ ತಿಂತಿ."

"ತಿನ್ನಾಕ ಹಲ್ಲು ಎಲ್ಲಿ ಅದಾವು?"

ಅವನು ನಗಬೇಕೆಂದು ಹೇಳಿದೆ. ಅವನು ನಗಲಿಲ್ಲ. ನನ್ನ ಭುಜ ಒಮ್ಮೆ ಅದುಮಿ, ಕಾಟಾದ ಕಡೆ ಹೋದ.

ಮರುದಿನ ಎಂದಿನ ಹೊತ್ತಿಗೇ ಎಚ್ಚರವಾಯಿತು. ಎದ್ದು, ಎಲ್ಲ ಮುಗಿಸಿ, ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆ. ಹೋಗಬೇಕಾದ ಜಾಗವಿಲ್ಲದ ಬೆಳಗು ಅಷ್ಟು ಉದ್ದ ಇರುತ್ತದೆಂದು ತಿಳಿದಿರಲಿಲ್ಲ. ಸೊಂಟ ಪೂರ್ತಿಯಾಗಿ ಬಂದಿತ್ತು. ದೂರ ಸರಿ ಎಂದು ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಹೆಂಡತಿ ಅಂಗಳ ಗುಡಿಸುತ್ತ ಎರಡು ಸಲ ನನ್ನ ಕಡೆ ನೋಡಿದಳು. ಬಿಸಿಲು ನನ್ನ ಮೊಣಕಾಲಿಗೆ ಬಂದಾಗ ಹತ್ತಿರ ಬಂದಳು.

"ಏಳ್ರಿ, ಕುರ್ಚಿ ನೆಳ್ಳಿಗಿ ಇಡ್ತೀನಿ."

ಏಳಲು ಸೊಂಟಕ್ಕೆ ಕೈ ಕೊಟ್ಟೆ. ಹಲ್ಲು ಬಿಗಿಯಿತು. ಸಡಿಲ ಬಿಡಬೇಕೆಂಬುದು ನೆನಪಿಗೆ ಬಂತು. ಆದರೆ ಇನ್ನು ಈ ಬಾಯಿಯನ್ನು ಯಾವ ಸುಗ್ಗಿಗಾಗಿ ಕಾಪಾಡಬೇಕು ಎಂದುಕೊಂಡೆ. ಬಿಗಿದೇ ಇರಲಿ ಎಂದು, ಎದ್ದು ನಿಂತೆ.